ಫೀಡರ್‌ಗೆ ಬರುವ ಮರಿಹಕ್ಕಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಿತ್ತಲಲ್ಲಿ ಕಾಳಿನ ಫೀಡರ್ ತೂಗುಹಾಕಿದವರಿಗೆ ಮರಿಗಳು ಗೂಡು ಬಿಡುವ ಕಾಲದಲ್ಲಿ ಒಂದಷ್ಟು ಹೊಸ ಮುಖಗಳು ಕಾಣಿಸುತ್ತವೆ. ಬಾಲ ಗಿಡ್ಡ, ಪುಕ್ಕ ಕೆದರಿದ ಹಾಗೆ, ಕೂರುವುದರಲ್ಲೂ ಹಾರುವುದರಲ್ಲೂ ಒಂಥರಾ ತಡವರಿಕೆ. ಆಗ ಜನ ಕೇಳುವ ಪ್ರಶ್ನೆಗಳಲ್ಲಿ ಅರ್ಧ ಗಾಬರಿಯಿಂದ ಬಂದವೇ. ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಹಳಷ್ಟು ಸಲ ಆ ಮರಿಗೆ ಏನೂ ಆಗಿರುವುದಿಲ್ಲ. ಅದು ಬದುಕಲು ಕಲಿಯುತ್ತಿರುತ್ತದೆ, ಅಪ್ಪ ಅಮ್ಮ ಅಲ್ಲೇ ಎಲ್ಲೋ ಇರುತ್ತವೆ. ಸ್ವಲ್ಪ ಹೊತ್ತು ದೂರದಿಂದ ನೋಡಿ, ಆಮೇಲೆ ಏನು ಮಾಡಬೇಕು ಅಂತ ಯೋಚಿಸಿ.

ಫೀಡರ್ ಮೇಲಿರುವುದು ಮರಿ ಅಂತ ಗೊತ್ತಾಗುವುದು ಹೇಗೆ?

ಗಾತ್ರ ನಂಬಿ ಕೂರಬೇಡಿ. ಗೂಡು ಬಿಡುವ ಹೊತ್ತಿಗೆ ಸಣ್ಣ ಹಕ್ಕಿಗಳ ಮರಿ ಹೆಚ್ಚುಕಡಿಮೆ ದೊಡ್ಡವುಗಳಷ್ಟೇ ಆಗಿರುತ್ತದೆ. ಪುಕ್ಕ ಉಬ್ಬಿರುವುದರಿಂದ ಕೆಲವು ಸಲ ಅಮ್ಮನಿಗಿಂತ ದಪ್ಪಗೆ ಕಾಣುತ್ತದೆ!

ಮೊದಲು ಕಟಬಾಯಿ ನೋಡಿ. ಕೊಕ್ಕಿನ ಎರಡೂ ಮೂಲೆಯಲ್ಲಿ ಹಳದಿ ಅಥವಾ ಬಿಳಿಚಿದ ಬಣ್ಣದ, ಮೆತ್ತಗೆ ಊದಿದಂಥ ಅಂಚು ಇರುತ್ತದೆ. ಮರಿ ಬಾಯಿ ಮುಚ್ಚಿ ಕೂತಾಗ ಇದರಿಂದಲೇ ಅದಕ್ಕೆ ಮುನಿಸಿಕೊಂಡಂಥ ಮುಖ ಬರುವುದು. ಬಾಯಿ ತೆರೆದಾಗ ಈ ಅಂಚು, ಒಳಗಿನ ಕೆಂಪು ಅಥವಾ ಹಳದಿ ಬಣ್ಣ ಎರಡೂ ಸೇರಿ ಎದ್ದು ಕಾಣುತ್ತವೆ. ಗುಟುಕು ಎಲ್ಲಿ ಹಾಕಬೇಕು ಅಂತ ತಾಯಿಹಕ್ಕಿಗೆ ತೋರಿಸುವ ಗುರುತು ಇದು. ಗೂಡು ಬಿಟ್ಟು ಕೆಲವು ವಾರಗಳಲ್ಲಿ ಕುಗ್ಗಿಹೋಗುತ್ತದೆ.

ಆಮೇಲೆ ಪುಕ್ಕ. ಮರಿಯ ಮೊದಲ ಪುಕ್ಕ ಸಡಿಲ, ಹತ್ತಿಯಂತೆ ಮೆತ್ತಗೆ, ಅದರಲ್ಲೂ ಬಾಲದ ಬುಡದ ಕೆಳಗೆ. ತಲೆಯ ಮೇಲೆ ಅಲ್ಲೊಂದು ಇಲ್ಲೊಂದು ನೂಲಿನಂಥ ತುಪ್ಪುಳು ಉಳಿದಿರಬಹುದು. ಬಾಲ ಪೂರ್ತಿ ಬೆಳೆದಿರುವುದಿಲ್ಲ.

ಬಣ್ಣದಿಂದ ಗುರುತು ಹಿಡಿಯಬಹುದಾ?

ಹಲವು ಜಾತಿಗಳಲ್ಲಿ ಹಿಡಿಯಬಹುದು. ಗುಬ್ಬಚ್ಚಿ ಮರಿ ಗಂಡಾಗಲಿ ಹೆಣ್ಣಾಗಲಿ, ಹೆಣ್ಣುಗುಬ್ಬಿಯ ಹಾಗೆ ಮಾಸಲು ಕಂದಾಗಿರುತ್ತದೆ. ಮೈನಾ ಮರಿಯ ತಲೆ ಹೊಳೆಯುವ ಕಪ್ಪಾಗಿರುವುದಿಲ್ಲ, ಕಂದು ಬೆರೆತ ಮಂಕು ಬಣ್ಣ. ಕೆಂಪು ಕೆನ್ನೆಯ ಪಿಕಳಾರದ ಮರಿಗೆ ಕೆನ್ನೆಯ ಕೆಂಪೇ ಇರುವುದಿಲ್ಲ, ಬಾಲದ ಬುಡವೂ ಕಡುಕೆಂಪಿನ ಬದಲು ಪೇಲವ ಕಿತ್ತಳೆ. ಗಂಡು ಗಿಳಿಯ ಕೊರಳ ಪಟ್ಟಿ ಮರಿಯಲ್ಲಿ ಕಾಣುವುದಿಲ್ಲ, ಅದು ಪೂರ್ತಿ ಮೂಡಲು ವರ್ಷಗಳೇ ಬೇಕು.

ಯುರೋಪಿನ ರಾಬಿನ್ ಹಕ್ಕಿಯ ಮರಿ ಇನ್ನೂ ಕುತೂಹಲದ್ದು. ದೊಡ್ಡ ರಾಬಿನ್‌ನ ಎದೆಯ ಕೆಂಪು ಕಂಡರೆ ಇನ್ನೊಂದು ರಾಬಿನ್ ಜಗಳಕ್ಕೇ ಬರುತ್ತದೆ. ಮರಿಗೆ ಆ ಕೆಂಪಿಲ್ಲ, ಬರೀ ಕಂದು ಚುಕ್ಕೆಗಳು. ಹಾಗಾಗಿ ದೊಡ್ಡವುಗಳ ಏಟಿನಿಂದ ಅದು ಬಚಾವು. ಬ್ಲೂ ಟಿಟ್ ಮರಿಯ ಕೆನ್ನೆ ಬಿಳಿಯ ಬದಲು ಹಳದಿ. ಇನ್ನು ಗ್ರೇಟ್ ಸ್ಪಾಟೆಡ್ ಮರಕುಟಿಗದ ಲೆಕ್ಕವೇ ಉಲ್ಟಾ: ಮರಿಯ ನೆತ್ತಿ ಪೂರಾ ಕೆಂಪು, ದೊಡ್ಡದಾದ ಮೇಲೆ ಆ ಟೋಪಿ ಹೋಗಿಬಿಡುತ್ತದೆ. ಮರಿ ಅಂದರೆ ಯಾವಾಗಲೂ ಮಂಕು ಬಣ್ಣ ಅಂದುಕೊಂಡರೆ ಇಲ್ಲಿ ಮೋಸ ಹೋಗುತ್ತೀರಿ.

ಕಾಳಿನ ಮಧ್ಯೆಯೇ ಕೂತಿದೆ, ಆದರೂ ಬಾಯಿ ತೆರೆದು ಬೇಡುತ್ತದಲ್ಲ, ಯಾಕೆ?

ನನಗೆ ಅತಿ ಇಷ್ಟವಾದ ದೃಶ್ಯ ಇದು. ಗುಬ್ಬಿಮರಿಯ ಕಾಲಡಿಯಲ್ಲೇ ಕಾಳಿನ ರಾಶಿ. ಅದು ಮೈ ಕುಗ್ಗಿಸಿ, ಎರಡೂ ರೆಕ್ಕೆ ಗಡಗಡ ನಡುಗಿಸುತ್ತಾ, ಬಾಯಿ ಅಗಲಿಸಿ ಚೀಂವ್ ಚೀಂವ್ ಅನ್ನುತ್ತದೆ. ಅಪ್ಪ ಅದೇ ರಾಶಿಯಿಂದ ಒಂದು ಕಾಳು ಎತ್ತಿ, ಸಿಪ್ಪೆ ಬಿಡಿಸಿ, ಮರಿಯ ಬಾಯಿಗಿಡುತ್ತದೆ.

ಮರಿಗೆ ಕಾಳು ಕಾಣುತ್ತಿರುತ್ತದೆ, ಆದರೆ ಅದು ಊಟ ಅಂತ ಇನ್ನೂ ಗೊತ್ತಿಲ್ಲ. ಇಲ್ಲಿಯವರೆಗೆ ಊಟ ಬಂದಿದ್ದೆಲ್ಲ ಅಪ್ಪ ಅಮ್ಮನ ಕೊಕ್ಕಿನಿಂದ. ಗೊತ್ತಾದ ಮೇಲೂ ಸಿಪ್ಪೆ ಬಿಡಿಸುವ ಕೆಲಸ ಸುಲಭವಲ್ಲ. ಕಾಳನ್ನು ಕೊಕ್ಕಿನ ಅಂಚಿಗೆ ತಂದು, ನಾಲಿಗೆಯಿಂದ ತಿರುಗಿಸಿ, ಸರಿಯಾದ ಜಾಗದಲ್ಲಿ ಒತ್ತಬೇಕು. ಒಂದು ಮರಿಯನ್ನೇ ಬೈನಾಕ್ಯುಲರ್‌ನಲ್ಲಿ ಹಿಡಿದು ನೋಡಿ. ಕಾಳು ಎತ್ತುತ್ತದೆ, ಜಾರಿ ಬೀಳುತ್ತದೆ. ಮತ್ತೆ ಎತ್ತುತ್ತದೆ, ಅಡ್ಡಡ್ಡ ಸಿಕ್ಕಿಕೊಳ್ಳುತ್ತದೆ, ತಲೆ ಕೊಡವಿ ಎಸೆಯುತ್ತದೆ. ನಡುವೆ ಒಂದು ಒಣ ಎಲೆಯನ್ನೂ ಫೀಡರ್‌ನ ದಾರವನ್ನೂ ಕುಕ್ಕಿ ನೋಡುತ್ತದೆ. ಹೀಗೆ ಸಿಕ್ಕಿದ್ದನ್ನೆಲ್ಲ ಕುಕ್ಕಿ ನೋಡಿಯೇ ತಿನ್ನುವುದು ಯಾವುದು, ತಿನ್ನದ್ದು ಯಾವುದು ಅಂತ ಅದು ತಿಳಿದುಕೊಳ್ಳುವುದು.

ಬೇರೆ ಹಕ್ಕಿಗಳನ್ನು ನೋಡಿಯೂ ಕಲಿಯುತ್ತವೆ. ಆಕ್ಸ್‌ಫರ್ಡ್ ಹತ್ತಿರದ ವೈಟಮ್ ಕಾಡಿನಲ್ಲಿ ಸಂಶೋಧಕರು ಕೆಲವೇ ಗ್ರೇಟ್ ಟಿಟ್ ಹಕ್ಕಿಗಳಿಗೆ ಹುಳು ಇಟ್ಟ ಪೆಟ್ಟಿಗೆಯ ಬಾಗಿಲನ್ನು ಒಂದು ಪಕ್ಕಕ್ಕೆ ಸರಿಸುವುದು ಕಲಿಸಿ ಬಿಟ್ಟರು. ಇನ್ನೊಂದು ಪಕ್ಕಕ್ಕೆ ಸರಿಸಿದರೂ ಹುಳು ಸಿಗುತ್ತಿತ್ತು. ಆದರೂ ಆ ಕಾಡಿನ ಹಕ್ಕಿಗಳು ಒಂದನ್ನೊಂದು ನೋಡಿ ಕಲಿಸಿದ ಪಕ್ಕಕ್ಕೇ ಸರಿಸತೊಡಗಿದವು.

ಗುಟುಕು ಕೊಡುತ್ತಿರುವುದು ಅಪ್ಪನಾ, ಅಮ್ಮನಾ?

ಬಹಳ ಹಕ್ಕಿಗಳಲ್ಲಿ ಇಬ್ಬರೂ ಕೊಡುತ್ತಾರೆ. ಗುಬ್ಬಚ್ಚಿಯಲ್ಲಿ ಗೂಡು ಬಿಟ್ಟ ಮರಿಗಳ ಹೊಣೆ ಹೆಚ್ಚಾಗಿ ಗಂಡಿನದು, ಯಾಕೆಂದರೆ ಹೆಣ್ಣು ಅಷ್ಟರಲ್ಲಿ ಮುಂದಿನ ಮೊಟ್ಟೆಗೆ ತಯಾರಾಗುತ್ತಿರುತ್ತದೆ. ಒಂದೇ ಜೋಡಿ ವರ್ಷಕ್ಕೆ ಎರಡು ಮೂರು ಸಲ ಮರಿ ಮಾಡುವುದು ಸಾಮಾನ್ಯ.

ಒಂದು ಎಚ್ಚರಿಕೆ. ರೆಕ್ಕೆ ನಡುಗಿಸಿ ಬೇಡುವುದೆಲ್ಲ ಮರಿಯೇ ಅಲ್ಲ. ಜೋಡಿಯಾಗುವ ಕಾಲದಲ್ಲಿ ಹಲವು ಜಾತಿಯ ಹೆಣ್ಣುಗಳು ಗಂಡಿನ ಮುಂದೆ ಹೀಗೇ ಮಾಡುತ್ತವೆ. ಕಟಬಾಯಿ ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಸಣ್ಣ ಹಕ್ಕಿಯೊಂದು ತನಗಿಂತ ದೊಡ್ಡ, ಬೇರೆ ಬಣ್ಣದ ಮರಿಗೆ ತಿನ್ನಿಸುತ್ತಿದೆ. ಇದೇನು?

ಬೇರೆಯವರ ಮರಿ ಸಾಕುತ್ತಿದೆ. ಕೋಗಿಲೆ ಜಾತಿಯ ಹಲವು ಹಕ್ಕಿಗಳು ಇತರ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಡುತ್ತವೆ. ಕಾಗೆಯ ಹಿಂದೆ ಕೋಗಿಲೆ ಮರಿ ಬಾಯಿ ಬಿಟ್ಟುಕೊಂಡು ಅಲೆಯುವುದನ್ನು ನೀವೂ ನೋಡಿರಬಹುದು. ಉತ್ತರ ಅಮೆರಿಕದ ಕಂದು ತಲೆಯ ಕೌಬರ್ಡ್ 200ಕ್ಕೂ ಹೆಚ್ಚು ಜಾತಿಗಳ ಗೂಡಿನಲ್ಲಿ ಮೊಟ್ಟೆಯಿಟ್ಟ ದಾಖಲೆಯಿದೆ. ನೋಡಿದವರಿಗೆ ಸಾಕುವ ಹಕ್ಕಿಯ ಮೇಲೆ ಕನಿಕರ ಬರುತ್ತದೆ, ಸಹಜ. ಆದರೆ ಮರಿಯನ್ನು ಓಡಿಸಲು ಹೋಗಬೇಡಿ. ಅದೂ ಕಾಡುಹಕ್ಕಿಯೇ, ಈ ಪದ್ಧತಿ ನಮಗಿಂತ ಎಷ್ಟೋ ಹಳೆಯದು.

ಪಾರಿವಾಳದ ಮರಿ ಯಾಕೆ ಕಾಣುವುದೇ ಇಲ್ಲ?

ಕಾಣುತ್ತದೆ, ನಮಗೆ ಗುರುತು ಸಿಗುವುದಿಲ್ಲ ಅಷ್ಟೇ. ಪಾರಿವಾಳದ ಮರಿ ನಾಲ್ಕೈದು ವಾರ ಗೂಡಿನಲ್ಲೇ ಉಳಿದು ಪೂರ್ತಿ ಬೆಳೆದೇ ಹೊರಬರುತ್ತದೆ. ಮೊದಮೊದಲು ಅದಕ್ಕೆ ಅಪ್ಪ ಅಮ್ಮ ಇಬ್ಬರ ಕೊರಳ ಚೀಲದಲ್ಲೂ ತಯಾರಾಗುವ ಹಾಲಿನಂಥ ಗಟ್ಟಿ ಆಹಾರವೇ ಊಟ. ಫೀಡರ್ ಕೆಳಗಿನ ಗುಂಪಿನಲ್ಲಿ ಕೊರಳಿನ ಹಸಿರು ನೇರಳೆ ಹೊಳಪಿಲ್ಲದ, ಕೊಕ್ಕಿನ ಬುಡದ ಬಿಳಿ ಉಬ್ಬು ಇನ್ನೂ ಬೆಳ್ಳಗಾಗದ ಪಾರಿವಾಳ ಇದೆಯಾ ನೋಡಿ. ಅದೇ ಮರಿ.

ನೆಲದ ಮೇಲೆ ಹಾರಲಾರದ ಮರಿ ಕೂತಿದೆ. ಎತ್ತಿ ಒಳಗೆ ತರಲಾ?

ತಡೆಯಿರಿ. ಮೊದಲು ಅದರ ಮೈ ನೋಡಿ.

ಮೈತುಂಬ ಪುಕ್ಕ ಇದೆ, ಕಣ್ಣು ಚುರುಕಾಗಿದೆ, ಕುಪ್ಪಳಿಸುತ್ತದೆ, ಕಡ್ಡಿ ಹಿಡಿದು ಕೂರುತ್ತದೆ ಅಂದರೆ ಅದು ಗೂಡು ಬಿಡುವ ವಯಸ್ಸಿಗೆ ಬಂದ ಮರಿ. ಬಹಳಷ್ಟು ಹಕ್ಕಿಗಳ ಮರಿಗಳು ಚೆನ್ನಾಗಿ ಹಾರಲು ಕಲಿಯುವ ಮೊದಲೇ ಗೂಡು ಬಿಡುತ್ತವೆ. ಇದರಲ್ಲಿ ಲೆಕ್ಕಾಚಾರವಿದೆ. ಗೂಡಿಗೆ ಹಾವೋ ಬೆಕ್ಕೋ ಬಂದರೆ ಎಲ್ಲ ಮರಿಗಳೂ ಒಂದೇ ಸಲಕ್ಕೆ ಹೋಗುತ್ತವೆ. ಪೊದೆಗೊಂದು, ಕೊಂಬೆಗೊಂದು ಚದುರಿ ಕೂತರೆ ಒಂದೆರಡಾದರೂ ಉಳಿಯುತ್ತವೆ. ಅಪ್ಪ ಅಮ್ಮ ಸದ್ದು ಕೇಳಿಕೊಂಡೇ ಒಂದೊಂದರ ಹತ್ತಿರ ಹೋಗಿ ಗುಟುಕು ಕೊಡುತ್ತಾರೆ. ನೀವು ಪಕ್ಕದಲ್ಲೇ ನಿಂತಿದ್ದರೆ ಮಾತ್ರ ಅವು ಬರುವುದಿಲ್ಲ. "ಎಷ್ಟು ಹೊತ್ತಾದರೂ ತಾಯಿ ಬರಲೇ ಇಲ್ಲ" ಅನ್ನುವವರು ಹೆಚ್ಚಾಗಿ ಮರಿಯ ಪಕ್ಕದಲ್ಲೇ ನಿಂತವರು. ಒಳಗೆ ಹೋಗಿ ಕಿಟಕಿಯಿಂದ ಒಂದೆರಡು ಗಂಟೆ ನೋಡಿ. ಬೆಕ್ಕು, ನಾಯಿ ಇದ್ದರೆ ಕಟ್ಟಿಹಾಕಿ ಇಲ್ಲವೇ ಒಳಗಿಡಿ. ದಾರಿಯ ಮಧ್ಯೆ ಕೂತಿದ್ದರೆ ಎತ್ತಿ ಹತ್ತಿರದ ಪೊದೆಯಲ್ಲಿ ಬಿಡಬಹುದು. ದೂರ ಒಯ್ಯಬೇಡಿ, ಅದರ ಕೂಗು ಅಪ್ಪ ಅಮ್ಮನಿಗೆ ಕೇಳಬೇಕು.

ಮೈ ಬರಿಗೆಂಪು, ಕಣ್ಣು ಮುಚ್ಚಿದೆ, ಅಥವಾ ಗರಿಗಳು ಇನ್ನೂ ಸಣ್ಣ ಕೊಳವೆಗಳ ಹಾಗಿವೆ ಅಂದರೆ ಅದು ಗೂಡಿನಿಂದ ಬಿದ್ದ ಎಳೆಮರಿ. ಮೈ ಬೆಚ್ಚಗಿದ್ದು ಗಾಯ ಇಲ್ಲದಿದ್ದರೆ, ಗೂಡು ಕೈಗೆಟುಕುವಂತಿದ್ದರೆ, ವಾಪಸ್ ಇಡಿ.

ಮನುಷ್ಯ ಮುಟ್ಟಿದರೆ ತಾಯಿಹಕ್ಕಿ ಮರಿಯನ್ನು ಬಿಟ್ಟುಬಿಡುತ್ತದಂತೆ, ಹೌದಾ?

ಇಲ್ಲ. ಹಕ್ಕಿಗಳಿಗೆ ವಾಸನೆ ತಿಳಿಯುತ್ತದೆ, ಆದರೆ ಕೈವಾಸನೆಯ ಕಾರಣಕ್ಕೆ ಮರಿಯನ್ನು ತೊರೆಯುವುದಿಲ್ಲ. ಎಷ್ಟೋ ಎಳೆಮರಿಗಳು ಈ ತಪ್ಪು ನಂಬಿಕೆಯಿಂದಲೇ ಗೂಡಿಗೆ ಮರಳದೆ ಸಾಯುತ್ತವೆ. ಮುಟ್ಟಿ, ಗೂಡಿನಲ್ಲಿಡಿ, ಕೈ ತೊಳೆದುಕೊಳ್ಳಿ.

ಮರಿಗೆ ನಿಜವಾಗಿ ಗಾಯವಾಗಿದ್ದರೆ?

ರಕ್ತ, ಜೋತುಬಿದ್ದ ರೆಕ್ಕೆ, ನಿಲ್ಲಲಾಗದ ಕಾಲು ಕಂಡರೆ ಆಗ ನೆರವು ಬೇಕು. ಬೆಕ್ಕಿನ ಬಾಯಿಗೆ ಸಿಕ್ಕಿದ್ದರಂತೂ ಗಾಯ ಕಾಣದಿದ್ದರೂ ಕಾಯಬೇಡಿ. ಬೆಕ್ಕಿನ ಎಂಜಲಿನ ಬ್ಯಾಕ್ಟೀರಿಯಾ ಸಣ್ಣ ತೂತಿನಿಂದ ಒಳಹೊಕ್ಕರೂ ಹಕ್ಕಿ ಬೇಗ ಸಾಯುತ್ತದೆ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆ ಬಟ್ಟೆ ಹಾಸಿ, ಮರಿಯಿಟ್ಟು ಮುಚ್ಚಿ. ಕತ್ತಲು, ಬಿಸುಪು, ನಿಶ್ಶಬ್ದ, ಇಷ್ಟೇ ಸದ್ಯಕ್ಕೆ ಬೇಕಾದ್ದು. ಹಕ್ಕಿಗಳಿಗೆ ಚಿಕಿತ್ಸೆ ಕೊಡುವ ವೈದ್ಯರನ್ನೋ ವನ್ಯಜೀವಿ ರಕ್ಷಣಾ ಕೇಂದ್ರವನ್ನೋ ಕೂಡಲೇ ಸಂಪರ್ಕಿಸಿ.

ಬಾಯಿಗೆ ನೀರು ಹನಿಸಲೇಬೇಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುತ್ತದೆ, ನೀರು ಸೀದಾ ಶ್ವಾಸಕೋಶಕ್ಕೆ ಇಳಿದುಬಿಡಬಹುದು. ಹಾಲೂ ಬೇಡ, ಹಕ್ಕಿಗಳಿಗೆ ಅದು ಜೀರ್ಣವಾಗುವುದಿಲ್ಲ. ಮನೆಯಲ್ಲೇ ಸಾಕಿಕೊಳ್ಳುವ ಆಸೆ ಬರುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಕಾಡುಹಕ್ಕಿ ಸಾಕುವುದು ಬಹಳ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಮನುಷ್ಯರ ಕೈಯಲ್ಲೇ ಬೆಳೆದ ಮರಿ ಯಾರಿಗೆ ಹೆದರಬೇಕು ಅನ್ನುವುದನ್ನೂ ಕಲಿಯುವುದಿಲ್ಲ.

ಮರಿಗಳ ಕಾಲದಲ್ಲಿ ಫೀಡರ್‌ನಲ್ಲಿ ಏನಿಡಬೇಕು?

ಸಣ್ಣ ಕಾಳು, ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ ಇಡಬಹುದು. ಹಣ್ಣು ತಿನ್ನುವ ಹಕ್ಕಿಗಳಿಗೆ ಹಣ್ಣಿನ ಹೋಳು. ಇಡೀ ಕಡಲೆಕಾಯಿ ಬೀಜ ಬೇಡ, ಎಳೆಮರಿಯ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಇಡುವುದಾದರೆ ಪುಡಿ ಮಾಡಿ, ಇಲ್ಲವೇ ಹಕ್ಕಿ ಸ್ವಲ್ಪಸ್ವಲ್ಪವೇ ಕಿತ್ತು ತಿನ್ನುವಂಥ ಜಾಲರಿಯಲ್ಲಿಡಿ. ಉಪ್ಪು ಹಾಕಿದ್ದು, ಕರಿದದ್ದು ಬೇಡ. ಬ್ರೆಡ್ ಹೊಟ್ಟೆ ತುಂಬಿಸುತ್ತದೆಯೇ ಹೊರತು ಬೆಳೆಯುವ ಮೈಗೆ ಬೇಕಾದ್ದು ಅದರಲ್ಲಿಲ್ಲ.

ನೀವು ಏನೇ ಇಟ್ಟರೂ ಗೂಡಿನೊಳಗಿನ ಮರಿಗಳಿಗೆ ಮುಖ್ಯವಾಗಿ ಬೇಕಿರುವುದು ಹುಳು. ವರ್ಷವಿಡೀ ಕಾಳು ತಿನ್ನುವ ಗುಬ್ಬಿಯೂ ಎಳೆಮರಿಗೆ ಹೆಚ್ಚಾಗಿ ತಿನ್ನಿಸುವುದು ಹುಳುಹುಪ್ಪಟೆಯನ್ನೇ. ಅದರ ಪ್ರೊಟೀನ್ ಇಲ್ಲದೆ ಗರಿ, ಸ್ನಾಯು ಬೆಳೆಯುವುದಿಲ್ಲ. ಹಾಗಾಗಿ ಹಿತ್ತಲಿಗೆ ಕೀಟನಾಶಕ ಹೊಡೆಯದಿರುವುದು ಫೀಡರ್ ತುಂಬಿಸುವುದಕ್ಕಿಂತ ದೊಡ್ಡ ಉಪಕಾರ. ಹುಳು ತಿಂದು ತೂತಾದ ಎಲೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ.

ನಾವು ಹಾಕುವ ಕಾಳಿಗೆ ಒಗ್ಗಿಹೋಗಿ ಮರಿಗಳು ಸೋಮಾರಿಯಾಗುವುದಿಲ್ವಾ?

ಈ ಭಯಕ್ಕೆ ಆಧಾರ ಕಡಿಮೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಚಿಕಡೀ ಹಕ್ಕಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಫೀಡರ್ ಸದಾ ತುಂಬಿದ್ದರೂ ಅವು ದಿನದ ಆಹಾರದ ಸುಮಾರು ಐದನೇ ಒಂದು ಭಾಗವನ್ನಷ್ಟೇ ಅಲ್ಲಿಂದ ತಿನ್ನುತ್ತಿದ್ದವು. ಫೀಡರ್ ತೆಗೆದ ಮೇಲೂ ಅವು ಇತರ ಚಿಕಡೀಗಳಷ್ಟೇ ಚೆನ್ನಾಗಿ ಬದುಕಿದವು. ನೀವು ಊರಿಗೆ ಹೋದಿರಿ ಅಂತ ಮರಿಗಳು ಉಪವಾಸ ಬೀಳುವುದಿಲ್ಲ.

ಫೀಡರ್ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಕಡಿಮೆ ಅಂದರೂ ಎರಡು ವಾರಕ್ಕೊಮ್ಮೆ. ಮರಿಗಳು ಗುಂಪಾಗಿ ಬರುವಾಗ, ಮಳೆ ಬಿದ್ದು ಕಾಳು ಒದ್ದೆಯಾದಾಗ ಇನ್ನೂ ಬೇಗ. ಇದನ್ನು ಸುಮ್ನೆ ಹೇಳುತ್ತಿಲ್ಲ. ಕಾಡಿನಲ್ಲಿ ಚದುರಿ ತಿನ್ನುವ ಹಕ್ಕಿಗಳನ್ನು ನಾವು ಒಂದೇ ತಟ್ಟೆಗೆ ಕರೆಯುತ್ತಿದ್ದೇವೆ. ಒಂದರ ಎಂಜಲು, ಹಿಕ್ಕೆ ಇನ್ನೊಂದರ ಹೊಟ್ಟೆಗೆ ಹೋಗುತ್ತದೆ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹರಡುವುದು ಹೀಗೆಯೇ. ಬ್ರಿಟನ್‌ನಲ್ಲಿ 2005ರಲ್ಲಿ ಕಾಣಿಸಿಕೊಂಡ ಟ್ರೈಕೊಮೊನಾಸ್ ಎಂಬ ಪರೋಪಜೀವಿಯ ರೋಗ ಅಲ್ಲಿನ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆಯನ್ನೇ ಕುಸಿಯುವಂತೆ ಮಾಡಿತು. ಹಕ್ಕಿಯ ಗಂಟಲು ಕಟ್ಟಿ, ತಿಂದದ್ದು ನುಂಗಲಾಗದೆ ಸಾಯುವ ರೋಗ ಅದು. ಎಂಜಲು ಬಿದ್ದ ಕಾಳು, ನೀರಿನಿಂದ ಹರಡುತ್ತದೆ.

ತೊಳೆಯುವುದು ಕಷ್ಟವಿಲ್ಲ. ಹಳೆ ಕಾಳು ಚೆಲ್ಲಿ, ಅಂಟಿದ್ದನ್ನು ಉಜ್ಜಿ ತೆಗೆಯಿರಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿದ ಮೇಲೇ ಕಾಳು ತುಂಬಿ. ಒದ್ದೆ ಫೀಡರ್‌ನಲ್ಲಿ ಕಾಳು ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಕ್ಕಿಗೆ ವಿಷ. ಫೀಡರ್ ಕೆಳಗೆ ಬಿದ್ದ ಹೊಟ್ಟು, ಹಿಕ್ಕೆಯನ್ನೂ ಗುಡಿಸಿ.

ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಹತ್ತಿರ ಹೋದರೂ ಹಾರದ ಹಕ್ಕಿ ಕಂಡರೆ ಅದಕ್ಕೆ ರೋಗ ಬಂದಿರಬಹುದು. ಮರಿಗಳೂ ಹಾರದೆ ಕೂರುತ್ತವೆ, ಆದರೆ ಆರೋಗ್ಯದ ಮರಿಯ ಕಣ್ಣು ಸದಾ ಸುತ್ತ ನೋಡುತ್ತಿರುತ್ತದೆ. ರೋಗದ ಅನುಮಾನ ಬಂದರೆ ಫೀಡರ್, ನೀರಿನ ತಟ್ಟೆ ಎರಡನ್ನೂ ಒಂದೆರಡು ವಾರ ತೆಗೆದಿಡಿ. ಮನಸ್ಸಿಗೆ ಕಷ್ಟ, ಆದರೆ ಮಾಡಲೇಬೇಕು.

ನೀರು?

ಇಡಿ. ಎರಡು ಮೂರು ಸೆಂಟಿಮೀಟರ್ ಆಳ ಸಾಕು, ತಳ ಒರಟಾಗಿರಲಿ, ಮಧ್ಯೆ ಒಂದು ಕಲ್ಲಿರಲಿ. ಆಳದ ಬಕೆಟ್ಟು, ತೊಟ್ಟಿಗಳನ್ನು ಮುಚ್ಚಿಡಿ, ಮರಿಗಳು ಬಿದ್ದು ಮುಳುಗುತ್ತವೆ. ನೀರು ದಿನಾ ಬದಲಿಸಿ.

ಫೀಡರ್ ಎಲ್ಲಿ ತೂಗುಹಾಕಿದರೆ ಮರಿಗಳಿಗೆ ಕ್ಷೇಮ?

ಗಾಜಿನ ಬಗ್ಗೆ ಮೊದಲು ಯೋಚಿಸಿ. ಗಾಜಿನಲ್ಲಿ ಕಾಣುವ ಆಕಾಶ, ಮರ ನಿಜ ಅಂತ ನಂಬಿ ಹಕ್ಕಿಗಳು ಡಿಕ್ಕಿ ಹೊಡೆಯುತ್ತವೆ. ಫೀಡರ್ ಕಿಟಕಿಗೆ ಒಂದು ಮೀಟರ್ ಒಳಗೇ ಇರಲಿ, ಅಲ್ಲಿಂದ ಹಾರಿದ ಹಕ್ಕಿಗೆ ವೇಗ ಬರುವುದಿಲ್ಲ. ಇಲ್ಲದಿದ್ದರೆ ಹತ್ತು ಮೀಟರ್ ದೂರ ಇಡಿ. ನಡುವಿನ ದೂರವೇ ಅಪಾಯ. ಗಾಜಿನ ಹೊರಮೈಗೆ ಐದು ಸೆಂಟಿಮೀಟರ್‌ಗೊಂದರಂತೆ ಚುಕ್ಕೆ ಅಂಟಿಸಿದರೆ ಇನ್ನೂ ಒಳ್ಳೆಯದು. ಒಂದೇ ಒಂದು ಹದ್ದಿನ ಚಿತ್ರ ಅಂಟಿಸಿದರೆ ಪ್ರಯೋಜನವಿಲ್ಲ.

ಪೊದೆ ಎರಡು ಮೂರು ಮೀಟರ್ ಆಚೆಗಿರಲಿ. ಸಣ್ಣ ಹಕ್ಕಿಗಳನ್ನು ಹಿಡಿಯುವ ಬಿಜ್ಜು ಎಂಬ ಬೇಟೆಹಕ್ಕಿ ಬಂದರೆ ಮರಿ ಓಡಿ ಅಡಗಲು ಅಷ್ಟು ಹತ್ತಿರ, ಬೆಕ್ಕು ಹೊಂಚಿ ನೆಗೆಯಲು ಆಗದಷ್ಟು ದೂರ.

ಮರಿ ಬಿಸಿಲಲ್ಲಿ ರೆಕ್ಕೆ ಹರಡಿ, ಬಾಯಿ ತೆರೆದು ನೆಲಕ್ಕೆ ಬಿದ್ದುಕೊಂಡಿದೆ. ಸಾಯುತ್ತಿದೆಯಾ?

ಹೆಚ್ಚಾಗಿ ಬಿಸಿಲು ಕಾಯಿಸುತ್ತಿರುತ್ತದೆ. ಒಂದು ಪಕ್ಕಕ್ಕೆ ವಾಲಿ, ಬಾಲ ಬೀಸಣಿಗೆಯಂತೆ ಬಿಚ್ಚಿ, ಕಣ್ಣು ತೇಲಿಸಿದ ಹಾಗೆ ಕೂತಿರುತ್ತದೆ. ಮೊದಲ ಸಲ ನೋಡಿದವರ ಎದೆ ಧಸಕ್ಕೆನ್ನುತ್ತದೆ. ಗರಿಗಳಲ್ಲಿನ ಹೇನು, ಸಣ್ಣ ಹುಳುಗಳ ಕಾಟ ಇದರಿಂದ ಕಡಿಮೆಯಾಗುತ್ತದೆ. ಕೆಲವು ನಿಮಿಷ ಬಿಡಿ, ಮೈ ಕೊಡವಿ ಎದ್ದುಹೋಗುತ್ತದೆ. ಗುಬ್ಬಿಗಳು ಮಣ್ಣಿನಲ್ಲಿ ಹೊರಳಾಡುವುದೂ ಮೈ ಶುಚಿಮಾಡಿಕೊಳ್ಳಲಿಕ್ಕೇ.

ನಿನ್ನೆವರೆಗೆ ತಿನ್ನಿಸುತ್ತಿದ್ದ ಅಪ್ಪ ಈಗ ಮರಿಯನ್ನೇ ಕುಕ್ಕಿ ಓಡಿಸುತ್ತಿದೆ!

ಹಾಲು ಬಿಡಿಸುವ ಹಾಗೆಯೇ ಇದು ಗುಟುಕು ಬಿಡಿಸುವ ಕಾಲ. ಸಣ್ಣ ಹಕ್ಕಿಗಳಲ್ಲಿ ಗೂಡು ಬಿಟ್ಟು ಒಂದರಿಂದ ಮೂರು ವಾರದೊಳಗೆ ಬರುತ್ತದೆ, ಕಾಗೆಯಂಥವುಗಳಲ್ಲಿ ತಡ. ಮೊದಲು ಬೇಡಿದ ಕೂಡಲೇ ಕೊಡುತ್ತಿದ್ದ ಅಪ್ಪ ಈಗ ಮುಖ ತಿರುಗಿಸುತ್ತದೆ, ಹಾರಿಹೋಗುತ್ತದೆ, ಕೊನೆಗೆ ಕುಕ್ಕುತ್ತದೆ. ಬೇಡಿ ಬೇಡಿ ಸಾಕಾದ ಮರಿ ತಾನೇ ಕಾಳಿಗೆ ಬಾಯಿ ಹಾಕುತ್ತದೆ. ಅದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಬಿಜ್ಜು ಬಂದು ಒಂದು ಮರಿಯನ್ನು ಹೊತ್ತೊಯ್ದಿತು. ಫೀಡರ್ ತೆಗೆದುಬಿಡಲಾ?

ಸಂಕಟವಾಗುತ್ತದೆ, ನಿಜ. ಸಣ್ಣ ಹಕ್ಕಿಗಳ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ವರ್ಷ ದಾಟುವುದಿಲ್ಲ, ಫೀಡರ್ ಇಲ್ಲದ ಕಾಡಿನಲ್ಲೂ ಅಷ್ಟೇ. ಬಿಜ್ಜಿಗೂ ಗೂಡಿನಲ್ಲಿ ಮರಿಗಳಿರುತ್ತವೆ. ಅದು ದಿನಾ ಅಲ್ಲೇ ಹೊಂಚುತ್ತಿದ್ದರೆ ಕೆಲವು ದಿನ ಫೀಡರ್ ಒಳಗಿಡಿ, ಹಕ್ಕಿಗಳು ಚದುರುತ್ತವೆ, ಬಿಜ್ಜು ಬೇರೆ ಕಡೆ ಹೋಗುತ್ತದೆ. ಸಾಕಿದ ಬೆಕ್ಕಿನ ಮಾತು ಬೇರೆ. ಅದಕ್ಕೆ ಮನೆಯಲ್ಲೇ ಊಟವಿದೆ, ಮರಿಗಳ ಕಾಲದಲ್ಲಿ ಅದನ್ನು ಒಳಗಿಡುವುದು ನಮ್ಮ ಕೈಯಲ್ಲೇ ಇದೆ.

ಫೋಟೋ ತೆಗೆಯಬಹುದಾ?

ಧಾರಾಳವಾಗಿ. ಕಿಟಕಿಯ ಹಿಂದೆ ನಿಂತು, ಫ್ಲ್ಯಾಶ್ ಇಲ್ಲದೆ. ಗೂಡಿನ ಹತ್ತಿರ ಹೋಗಬೇಡಿ, ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ನೋಡಲು 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ) ಬೈನಾಕ್ಯುಲರ್ ಸಾಕು, ಕಟಬಾಯಿಯ ಹಳದಿ ಸ್ಪಷ್ಟವಾಗಿ ಕಾಣುತ್ತದೆ.

ಎಷ್ಟು ದಿನ ಇವು ಮರಿ ಅಂತ ಗುರುತು ಸಿಗುತ್ತವೆ? ನೋಡಿದ್ದನ್ನು ಎಲ್ಲಾದರೂ ದಾಖಲಿಸಬಹುದಾ?

ಕೆಲವು ವಾರಗಳಲ್ಲಿ ಮರಿಪುಕ್ಕ ಉದುರಲು ಶುರುವಾಗುತ್ತದೆ. ಆಗ ಹರಕುಮುರುಕಾಗಿ, ಒಂದು ಕಡೆ ಹಳೆ ಬಣ್ಣ ಒಂದು ಕಡೆ ಹೊಸ ಬಣ್ಣ ಕಾಣುತ್ತದೆ. ರೋಗ ಅಂತ ಹೆದರಬೇಡಿ. ಗುಬ್ಬಚ್ಚಿ ಈ ಮೊದಲ ಸಲವೇ ಎಲ್ಲ ಗರಿಗಳನ್ನೂ ಬದಲಿಸಿಕೊಳ್ಳುತ್ತದೆ, ಆಮೇಲೆ ಮರಿ ಯಾವುದು, ದೊಡ್ಡದು ಯಾವುದು ಅಂತ ಹೇಳಲಾಗುವುದಿಲ್ಲ. ಹಾಗಾಗಿ ಆ ಕಾಲ ಬರುವ ಮೊದಲೇ ಬರೆದಿಡಿ.

2002ರಲ್ಲಿ ಶುರುವಾದ ಇಬರ್ಡ್ (eBird) ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ತಾವು ನೋಡಿದ ಹಕ್ಕಿಗಳ ಪಟ್ಟಿ ಸೇರಿಸಬಹುದು, ದುಡ್ಡು ಕೊಡಬೇಕಿಲ್ಲ. ಹಕ್ಕಿಯ ಹೆಸರಿನ ಜೊತೆ ಅದು ಗೂಡು ಬಿಟ್ಟ ಮರಿಯಾ, ಮರಿಗೆ ತಿನ್ನಿಸುತ್ತಿತ್ತಾ ಅಂತ ಗುರುತು ಮಾಡಲು ಬೇರೆ ಬೇರೆ ಸಂಕೇತಗಳಿವೆ. ಬಹಳ ಜನ ಹೆಸರು, ಸಂಖ್ಯೆ ಹಾಕಿ ಅಲ್ಲಿಗೇ ಬಿಡುತ್ತಾರೆ. ನೀವು ಆ ಸಂಕೇತವನ್ನೂ ಹಾಕಿ. ಯಾವ ಜಾತಿ ಎಲ್ಲಿ, ಯಾವ ತಿಂಗಳಲ್ಲಿ ಮರಿ ಮಾಡುತ್ತಿದೆ ಅಂತ ತಿಳಿಯಲು ಸಂಶೋಧಕರಿಗೆ ಬೇಕಾದದ್ದು ಅದೇ ಮಾಹಿತಿ.